ಘೋಡಿಯ ಹಗ್ಗ

ಜನವರಿ 18, 2025, ಶನಿವಾರ

ಬಣ್ಣದ ಅಂಗಡಿಯವರು ಪ್ರತಿ ವರ್ಷ ಒಂದು ಡೈರಿ ಕೊಡುತ್ತಾರೆ. ಪ್ರತಿ ವರ್ಷ ನಾನು ಅದರ ಹಾಳೆ ಹರಿದು ಬ್ರಷ್ ಒರೆಸುತ್ತೇನೆ. ಈ ಸಲ ಬರೆಯುತ್ತಿದ್ದೇನೆ. ಇಪ್ಪತ್ತೇಳು ವರ್ಷ ಊರಿನ ಗೋಡೆಗಳ ಮೇಲೆ ಮಂದಿಯ ಮಾತು ಬರೆದ ಕೈ ಇದು. ನನ್ನ ಮಾತು ಬರೆಯುವ ಪ್ರಸಂಗ ಬಂದಿರಲಿಲ್ಲ.

ಮೊನ್ನೆ ಗುರುವಾರ ವಾಡಿಯ ಫಂಕ್ಷನ್ ಹಾಲ್‌ನಲ್ಲಿ ನನ್ನ ಜೊತೆ ಬಣ್ಣದ ಕೆಲಸ ಮಾಡುವ ದಶರಥ ಘೋಡಿಯಿಂದ ಬಿದ್ದ. ಹತ್ತು ಅಡಿ ಎತ್ತರ. ಕೆಳಗೆ ಹೊಸದಾಗಿ ಪಾಲಿಶ್ ಮಾಡಿದ ಶಹಾಬಾದ್ ಕಲ್ಲಿನ ಫರಸಿ ನೆಲ. ಬಲತೊಡೆಯ ಮೂಳೆ ಮುರಿದಿದೆ, ಸೊಂಟಕ್ಕೂ ಪೆಟ್ಟು. ಕಲಬುರಗಿಯ ದವಾಖಾನೆಯಲ್ಲಿದ್ದಾನೆ.

ಹೇಗೆ ಬಿದ್ದ ಎಂದು ಎಲ್ಲರೂ ಕೇಳುತ್ತಾರೆ. ಘೋಡಿ ನಡೆಸಲು ಹೋಗಿ ಬಿದ್ದ ಎಂದು ಹೇಳುತ್ತಿದ್ದೇನೆ. ಅದು ಸುಳ್ಳಲ್ಲ.

ಏಣಿಗೆ ಎರಡು ಕಾಲು, ಘೋಡಿಗೆ ನಾಲ್ಕು. ಎರಡು ಏಣಿಗಳನ್ನು ನೆತ್ತಿಯಲ್ಲಿ ಕೀಲು ಹಾಕಿ ಜೋಡಿಸಿ, ಕಾಲುಗಳು ಅಗಲಿ ಹೋಗದಂತೆ ನಡುವೆ ಹಗ್ಗ ಕಟ್ಟಿದರೆ ಘೋಡಿ, ಅಂದರೆ ಕುದುರೆ. ಕಸುಬು ಗೊತ್ತಿಲ್ಲದವನು ಒಂದು ಗೋಡೆ ಮುಗಿಸಲು ಇಪ್ಪತ್ತು ಸಲ ಇಳಿದು, ಅದನ್ನು ಸರಿಸಿ, ಮತ್ತೆ ಹತ್ತುತ್ತಾನೆ. ಗೊತ್ತಿದ್ದವನು ತುದಿಯಲ್ಲಿ ಆಚೆಗೊಂದು ಕಾಲು ಈಚೆಗೊಂದು ಕಾಲು ಹಾಕಿ, ಸೊಂಟದ ಒಂದು ಝಟಕಾ ಕೊಟ್ಟು ಘೋಡಿಯನ್ನೇ ಮುಂದೆ ನಡೆಸುತ್ತಾನೆ. ಶಹಾಬಾದಿನ ಅರ್ಧ ಪೇಂಟರುಗಳಿಗೆ ಇದನ್ನು ಕಲಿಸಿದವನು ನಾನು. ದಶರಥನಿಗೂ ನಾನೇ. ನಾನು ಒಂದು ಸಲವೂ ಬಿದ್ದಿಲ್ಲ. ಇದು ಕಸುಬು, ಸರ್ಕಸ್ ಅಲ್ಲ.

ಹಗ್ಗ ಇತ್ತು. ಫಂಕ್ಷನ್ ಹಾಲ್ ನೋಡಿಕೊಳ್ಳುವ ಬಾಬುಮಿಯಾ ಕಣ್ಣಾರೆ ಕಂಡಿದ್ದಾರೆ. ಹಗ್ಗ ಇತ್ತು.

ಜನವರಿ 21, ಮಂಗಳವಾರ

ಆಪರೇಶನ್ ಆಯಿತು. ಒಳಗೆ ರಾಡ್ ಹಾಕಿದ್ದಾರೆ. ಮಧ್ಯಾಹ್ನ ಅವನ ಹೆಂಡತಿ ಯಂಕಮ್ಮ ಊಟಕ್ಕೆ ಹೋದಾಗ ನಾನೊಬ್ಬನೇ ಪಕ್ಕದಲ್ಲಿ ಕುಳಿತಿದ್ದೆ. ಅವನು ಕಣ್ಣು ತೆರೆದ.

“ಉಸ್ತಾದ್, ಏನಾತು? ಚಾ ಕುಡ್ದಿದ್ದು ನೆನಪದ. ಆಮ್ಯಾಲ ಏನೂ ನೆನಪಿಲ್ಲ.”

“ಘೋಡಿ ನಡೆಸ್ಲಿಕತ್ತಿದ್ದಿ. ಜೋಲಿ ಹೋತು.”

“ಹಗ್ಗ?”

“ಇತ್ತು.”

ಅವನು ಫ್ಯಾನಿನ ಕಡೆ ಮುಖ ತಿರುಗಿಸಿದ. ಆಮೇಲೆ ಕಣ್ಣು ಮುಚ್ಚಿದ. ನಾನು ತಂದ ಮೋಸಂಬಿ ಹಾಗೇ ಇತ್ತು.

ಜನವರಿ 26, ಭಾನುವಾರ

ಬೆಳಿಗ್ಗೆ ಶಾಲೆಯ ಮಕ್ಕಳು ಝಂಡಾ ಹಿಡಿದು ಓಣಿಯಲ್ಲಿ ಹೋದರು. ಅವು ಹೋದ ಮೇಲೆ ಬಾಗಿಲು ಹಾಕಿಕೊಂಡು ಕುಳಿತಿದ್ದೇನೆ. ಇದನ್ನು ಓದುವವರು ಯಾರೂ ಇಲ್ಲ. ಆದ್ದರಿಂದ ಬರೆಯುತ್ತೇನೆ.

ಆ ದಿನ ನಾನು ಹೊರಗೆ ಗೇಟಿನ ಕಮಾನಿನ ಮೇಲೆ ಹಾಲ್‌ನ ಹೆಸರು ಬರೆಯುತ್ತಿದ್ದೆ. ಉದ್ದ ಏಣಿ. ಗಾಳಿಗೆ ಅದರ ತಲೆ ಪಕ್ಕಕ್ಕೆ ಸರಿಯುತ್ತಿತ್ತು. ಕಮಾನಿನ ಸರಳಿಗೆ ಕಟ್ಟಿಬಿಡೋಣ ಎಂದರೆ ಹಗ್ಗವಿಲ್ಲ. ದಶರಥ ಚಹಾ ಕುಡಿಯಲು ಹೋಗಿದ್ದ. ನಾನು ಒಳಗೆ ಹೋಗಿ ಅವನ ಘೋಡಿಯ ಹಗ್ಗ ಬಿಚ್ಚಿಕೊಂಡು ಬಂದೆ. ಅವನು ಬಂದ ಕೂಡಲೇ ಹೇಳಬೇಕೆಂದುಕೊಂಡೆ. ಆಮೇಲೆ ‘ಮ’ ಅಕ್ಷರದ ಹೊಟ್ಟೆ ಸರಿಯಾಗಲಿಲ್ಲ, ಅದನ್ನು ತಿದ್ದುತ್ತ ನಿಂತೆ. ಅವನು ನನ್ನ ಬೆನ್ನ ಹಿಂದಿನಿಂದ ಒಳಗೆ ಹೋದದ್ದು ತಿಳಿಯಲಿಲ್ಲ. ಹಗ್ಗ ಇದ್ದೇ ಇದೆ ಎಂದು ನೋಡದೆ ಹತ್ತಿರಬೇಕು. ಸದ್ದು ಕೇಳಿದಾಗಲೇ ತಿಳಿದದ್ದು.

ನಾನು ಬೀಳಬಾರದೆಂದು ಅವನ ಹಗ್ಗ ತಂದು ನನ್ನ ಏಣಿಗೆ ಕಟ್ಟಿಕೊಂಡಿದ್ದೆ.

ಇಷ್ಟೇ ಆಗಿದ್ದರೆ ಮರೆವು ಎನ್ನಬಹುದಿತ್ತು. ಎಲ್ಲರೂ ಅವನನ್ನು ಎತ್ತಿ ಆಟೋಕ್ಕೆ ಒಯ್ದರು. ಸಾಮಾನು ತರುತ್ತೇನೆಂದು ಹೇಳಿ ನಾನು ಹಿಂದೆ ಉಳಿದೆ. ಏಣಿಯಿಂದ ಹಗ್ಗ ಬಿಚ್ಚಿ ಘೋಡಿಗೆ ಮತ್ತೆ ಕಟ್ಟಿದೆ. ಬಾಬುಮಿಯಾ ತಿರುಗಿ ಬಂದು ನೋಡುವ ಹೊತ್ತಿಗೆ ಹಗ್ಗ ಇತ್ತು. ಐದು ನಿಮಿಷವೂ ಹಿಡಿಯಲಿಲ್ಲ. ಆ ಐದು ನಿಮಿಷ ದಶರಥ ಆಟೋದಲ್ಲಿ ಉಸ್ತಾದ್ ಎಲ್ಲಿ, ಉಸ್ತಾದ್ ಎಲ್ಲಿ ಎಂದು ಕೇಳುತ್ತಿದ್ದನಂತೆ. ಯಂಕಮ್ಮನಿಗೆ ಆಟೋದವನು ಹೇಳಿದ್ದಾನೆ. ಅವಳು ನನಗೆ ಹೇಳಿ ಅತ್ತಳು.

ಒಂದು ತೊಂದರೆ ಇದೆ. ದಶರಥ ಎತ್ತು ಕಟ್ಟುವವರ ಹಾಗೆ ತುದಿಯನ್ನು ಒಳಗೆ ಸಿಕ್ಕಿಸಿ ಗಂಟು ಬಿಗಿಯುತ್ತಾನೆ. ನನಗೆ ಆ ಗಂಟು ಬರುವುದಿಲ್ಲ. ನಾನು ಮೂರು ಸುತ್ತು ಸುತ್ತಿ ತುದಿಯನ್ನು ಹೊರಗೆ ಬಿಡುತ್ತೇನೆ. ಈಗ ಘೋಡಿಯ ಮೇಲಿರುವುದು ನನ್ನ ಗಂಟು. ಬೇರೆಯವರಿಗೆ ಹಗ್ಗ ಹಗ್ಗವೇ, ಅವನು ನೋಡಿದರೆ ಮಾತ್ರ ತಿಳಿಯುತ್ತದೆ. ಘೋಡಿಯನ್ನು ನನ್ನ ಅಂಗಳದ ಮೂಲೆಗೆ ಒರಗಿಸಿ ಮೇಲೆ ತಾಡಪತ್ರಿ ಹೊದಿಸಿದ್ದೇನೆ.

ಫೆಬ್ರವರಿ 9, ಭಾನುವಾರ

ದಶರಥನನ್ನು ಮನೆಗೆ ತಂದರು. ಶಹಾಬಾದಿನ ರೈಲ್ವೆ ಗೇಟಿನ ಆಚೆ ಅವನ ಮನೆ. ಮಂಚವನ್ನು ಹೊರಗಿನ ಕೋಣೆಗೆ ಹಾಕಿದ್ದಾರೆ. ನೋಡಲು ಬಂದವರೆಲ್ಲ ಒಂದೇ ಮಾತು: ಇಷ್ಟು ವರ್ಷದವ, ಹೀಗೆ ಹುಚ್ಚಾಟ ಆಡಬಾರದಿತ್ತು. ಯಂಕಮ್ಮ ಅವರೆಲ್ಲರ ಮಾತು ಕೂಡಿಸಿ ಒಂದೇ ಉಸಿರಿನಲ್ಲಿ ಬೈದಳು.

“ನೀವs ಹೇಳ್ರಿ ಅಣ್ಣಾ. ಕುದರಿ ಮ್ಯಾಲ ಕುಂತ ರಾಜಾನಂಗ ಘೋಡಿ ನಡೆಸೋದು ಬ್ಯಾಡ ಅಂತ ಎಷ್ಟ್ ಸಲ ಹೇಳೀನಿ! ಕೇಳ್ಯಾನೇನು?”

ನಾನು ತಲೆ ಅಲ್ಲಾಡಿಸಿದೆ. ಹೌದು ಎಂದೂ ಅಲ್ಲ, ಇಲ್ಲ ಎಂದೂ ಅಲ್ಲ. ಚಹಾ ಭಾಳ ಸಿಹಿಯಾಗಿತ್ತು.

ಫೆಬ್ರವರಿ 23, ಭಾನುವಾರ

ನನ್ನ ಹೆಂಡತಿ ರಹೀಮಾಳ ತಮ್ಮನ ಮನೆಗೆ ಸುಣ್ಣ ಬಣ್ಣ. ಒಬ್ಬನೇ ಇದ್ದೇನೆ, ಕೆಲಸ ಆಮೆಯ ಹಾಗೆ ಸಾಗುತ್ತಿದೆ. ಅವರ ಮನೆಯ ಕಬ್ಬಿಣದ ಘೋಡಿ ಇದೆ, ನಡುವೆ ಹಗ್ಗದ ಬದಲು ಸರಪಳಿ. ಹತ್ತುವ ಮೊದಲು ಸರಪಳಿ ಎಳೆದು ನೋಡಿದೆ. ನಾಲ್ಕು ಕಾಲಿಗೂ ಒದ್ದೆ ಗೋಣಿತಟ್ಟು ಹಾಸಿದೆ. ಇವತ್ತು ಘೋಡಿ ನಡೆಸಲಿಲ್ಲ. ಹದಿನಾಲ್ಕು ಸಲ ಇಳಿದು ಹತ್ತಿದೆ. ಮೊಣಕಾಲು ಹಿಡಿದುಕೊಂಡಿದೆ. ಐವತ್ತಾಯಿತಲ್ಲ, ವಯಸ್ಸಿನ ಕಾಟ.

ರಹೀಮಾ ಅಲ್ಲೇ ಪಾತ್ರೆ ಜೋಡಿಸುತ್ತಿದ್ದವಳು ನೋಡಿ ನಕ್ಕಳು. “ಕ್ಯಾ ಜೀ, ಇವತ್ತು ಘೋಡಿ ಕುಂಟಲಿಕತ್ತದೇನು?” ಎಂದಳು. ನಾನು ಅವಳ ಮೇಲೆ ರೇಗಿದೆ. ರೇಗುವಂಥ ಮಾತಾಗಿರಲಿಲ್ಲ.

ಮಾರ್ಚ್ 12, ಬುಧವಾರ

ರಮಜಾನಿನ ರೋಜಾ ನಡೆದಿದೆ, ಹಗಲೆಲ್ಲ ಉಪವಾಸ. ವಾಡಿ ಹತ್ತಿರದ ಒಂದು ಗೋದಾಮಿನಲ್ಲಿ ಗೋಡೆಯ ಮೇಲೆ ಅಕ್ಷರ ಬರೆಯುವ ಕೆಲಸ ಸಿಕ್ಕಿತು. ಅಕ್ಷರ! ಫ್ಲೆಕ್ಸ್ ಬಂದ ಮೇಲೆ ಇಂಥ ಕೆಲಸಕ್ಕೆ ಬಾಯಿ ಬಿಟ್ಟು ಕುಳಿತಿರುತ್ತೇನೆ. ಧೂಳಿಗೆ ಫ್ಲೆಕ್ಸ್ ತಾಳುವುದಿಲ್ಲವಂತೆ, ಹಾಗಾಗಿ ನಾನು ನೆನಪಾದೆ. ಎಂಟು ಅಡಿಯಿಂದ ಹದಿನಾಲ್ಕು ಅಡಿ ಎತ್ತರದವರೆಗೆ, ದೂರದಿಂದಲೂ ಕಾಣುವಂತೆ ಬರೆಯಬೇಕು. ಏನು ಬರೆಯಬೇಕೆಂದು ಕೇಳಿದೆ. ಅಲ್ಲಿ ಸುರಕ್ಷತೆ ನೋಡಿಕೊಳ್ಳುವ ಹುಡುಗ ದೇವಾನಂದ, ಸನ್ನತಿಯ ಕಡೆಯವನು, ಒಂದು ಪಟ್ಟಿ ಕೊಟ್ಟ.

ಮೇಲೆ ದಪ್ಪಗೆ ಬರೆದಿತ್ತು: ‘ಏಣಿ ಬಳಸುವವರಿಗೆ ಐದು ನಿಯಮಗಳು’.

ನಾನು ಪಟ್ಟಿ ಮಡಚಿ ಜೇಬಿಗೆ ಹಾಕಿಕೊಂಡೆ. ರೋಜಾ ಇಲ್ಲದಿದ್ದರೆ ನೀರು ಕುಡಿಯುತ್ತಿದ್ದೆ.

ಮಾರ್ಚ್ 31, ಸೋಮವಾರ

ಈದ್. ಪ್ರತಿ ವರ್ಷದಂತೆ ಶೀರ್ ಖುರ್ಮಾ ಡಬ್ಬಿ ಹಿಡಿದು ದಶರಥನ ಮನೆಗೆ ಹೋದೆ. ವಾಕರ್ ಗೋಡೆಗೆ ಒರಗಿತ್ತು. ದಿನಾ ಹತ್ತು ಹೆಜ್ಜೆ ನಡೆಸಿ ಎಂದು ಡಾಕ್ಟರ್ ಹೇಳಿದ್ದಾರಂತೆ. ಅವನು ಮಂಚ ಬಿಟ್ಟು ಇಳಿಯುವುದಿಲ್ಲ ಎಂದು ಯಂಕಮ್ಮ ದೂರಿದಳು. ಅವಳು ಬಟ್ಟಲು ತರಲು ಒಳಗೆ ಹೋದಾಗ ಅವನು ನನ್ನ ಕೈ ಹಿಡಿದ.

“ಉಸ್ತಾದ್, ಮಾಫ್ ಮಾಡು.”

“ಯಾಕೋ?”

“ನಿನ್ನ ಹೆಸರು ಕೆಡಿಸ್ದೆ. ಮಶಾಕನ ಕೈಯಾಗ ಕಲ್ತವ ಘೋಡಿ ಮ್ಯಾಲಿಂದ ಬಿದ್ದ ಅಂತಾರ ಮಂದಿ. ಹಗ್ಗ ಬಿಗಿ ಇತ್ತು, ಘೋಡಿ ಗಟ್ಟಿ ಇತ್ತು. ಅಂದ್ರ ನನ್ನ ಕಾಲs ಕೈ ಕೊಟ್ಟಾವ. ಏನೂ ಇಲ್ದ ಬಿದ್ದ ಕಾಲು, ಅವನ್ನ ನಂಬಿ ಹ್ಯಾಂಗ ನಿಲ್ಲಲಿ? ಇಳ್ದ್ರ ಮತ್ತ ಬೀಳ್ತೀನಿ ಅನ್ನಸ್ತದ.”

ನನ್ನ ಬಾಯಿಗೆ ಬಂದಿತ್ತು. ಯಂಕಮ್ಮ ಬಟ್ಟಲು ಹಿಡಿದು ಬಂದಳು. ಹಬ್ಬದ ದಿನ ಬೇಡ ಎಂದುಕೊಂಡೆ. ಹಬ್ಬ ಒಂದು ನೆಪ ಅಷ್ಟೆ, ನಾನು ಹೆದರಿದೆ.

ಏಪ್ರಿಲ್ 8, ಮಂಗಳವಾರ

ಗೋದಾಮಿನ ಕೆಲಸ ಶುರುವಾಗಿ ಐದು ದಿನ. ದೇವಾನಂದ ವಯಸ್ಸಿನಲ್ಲಿ ಚಿಕ್ಕವನು, ಹಟದಲ್ಲಿ ದೊಡ್ಡವನು. ಮೊದಲ ದಿನವೇ ತಡೆದ.

“ಚಾಚಾ, ಕೆಳಗ ಹಿಡಿಯವ್ರು ಯಾರು?”

“ಯಾರೂ ಇಲ್ಲ. ಇಪ್ಪತ್ತೇಳು ವರ್ಷ ಆತು, ನಂಗ ಹಿಡಿಯವ್ರು ಬೇಕಿಲ್ಲ.”

“ನಂಗ ಬೇಕ್ರಿ. ಹಿಡಿಯವ್ರು ಇಲ್ದ ಇಲ್ಲಿ ಯಾರ್ನೂ ಏರ್ಲಿಕ್ಕ ಬಿಡಂಗಿಲ್ಲ.”

ತಾನೇ ದಿನಕ್ಕೆ ಒಂದು ತಾಸು ಬಂದು ಹಿಡಿಯುತ್ತಾನೆ. ಆ ಒಂದು ತಾಸು ಮಾತ್ರ ಕೆಲಸ. ಹೀಗಾದರೆ ಮುಂದಿನ ರಮಜಾನ್ ಬಂದರೂ ಮುಗಿಯುವುದಿಲ್ಲ.

ಅವನ ಪಟ್ಟಿಯ ಕನ್ನಡ ಓದಿ ನಗು ಬಂತು. ‘ಸದಾ ಮೂರು ಬಿಂದುಗಳ ಸಂಪರ್ಕ ಕಾಯ್ದುಕೊಳ್ಳಿ’ ಎಂದಿತ್ತು. ಚೀಲ ಹೊರುವ ಹಮಾಲರಿಗೆ ಇದೇನು ತಿಳಿಯಬೇಕು? ‘ಎರಡು ಕಾಲು, ಒಂದು ಕೈ ಏಣಿಯ ಮೇಲೆ ಇರಲಿ’ ಎಂದು ಬದಲಿಸಿದೆ. ದೇವಾನಂದ ಒಪ್ಪಿದ. ತುದಿಯ ಮೆಟ್ಟಿಲ ಮೇಲೆ ನಿಲ್ಲಬೇಡಿ, ಕೈಗೆ ಎಟುಕದ್ದಕ್ಕೆ ಬಾಗಬೇಡಿ, ಮೇಲೆ ಇದ್ದುಕೊಂಡೇ ಏಣಿ ಸರಿಸಬೇಡಿ. ಈ ನಾಲ್ಕನೆಯದು ಘೋಡಿ ನಡೆಸುವವರಿಗೇ ಹೇಳಿದ್ದು. ಅದನ್ನು ಬರೆಯುವಾಗ ಬ್ರಷ್ ಎರಡು ಸಲ ಜಾರಿತು. ಬಣ್ಣ ತೆಳುವಾಗಿತ್ತು.

ಐದನೆಯದು ಉಳಿದಿದೆ: ‘ಮಡಚುವ ಏಣಿಯ ಹಗ್ಗ ಅಥವಾ ಸರಪಳಿಯನ್ನು ಪರೀಕ್ಷಿಸದೆ ಹತ್ತಬೇಡಿ.’ ಜಾಗ ಅಳೆದು ಗೆರೆ ಹೊಡೆದು ಬಿಟ್ಟಿದ್ದೇನೆ.

ಏಪ್ರಿಲ್ 14, ಸೋಮವಾರ

ಜಯಂತಿ. ದಶರಥನ ಓಣಿಯ ಕಮಾನಿನ ಮೇಲೆ ಪ್ರತಿ ವರ್ಷ ‘ಜೈ ಭೀಮ್’ ಎಂದು ನೀಲಿಯಲ್ಲಿ ಬರೆಯುವವನು ಅವನೇ. ಬೇರೆ ಯಾರನ್ನೂ ಹತ್ತಗೊಡುತ್ತಿರಲಿಲ್ಲ. ನನ್ನನ್ನೂ ಹತ್ತಗೊಡುತ್ತಿರಲಿಲ್ಲ, ಉಸ್ತಾದ್ ಕೆಳಗೆ ನಿಂತು ಸಾಲು ಸೊಟ್ಟ ಇದೆಯೋ ನೋಡು ಎನ್ನುತ್ತಿದ್ದ. ಈ ಸಲ ಯಾರೋ ಫ್ಲೆಕ್ಸ್ ಕಟ್ಟಿದ್ದರು. ಅವನ ಮಂಚದಿಂದ ಅದು ಕಾಣುತ್ತದೆ.

ನಾನು ಹೋದಾಗ ಅವನ ಮಗಳು ಲುಂಬಿನಿ ಬಟ್ಟೆಯಲ್ಲಿ ಸುತ್ತಿದ ಒಂದು ಕಟ್ಟು ತಂದು ನನ್ನ ಮುಂದೆ ಇಟ್ಟಳು. ಬಿಚ್ಚಿದರೆ ಅವನ ಬ್ರಷ್‌ಗಳು. ತೊಳೆದು, ಎಣ್ಣೆ ಹಚ್ಚಿ, ದಪ್ಪ ಸಣ್ಣ ಸರಿಯಾಗಿ ಜೋಡಿಸಿದವು.

“ನೀ ಇಟ್ಕೋ ಉಸ್ತಾದ್. ನಂಗ ಇನ್ನ ಎದಕ್ಕ ಬೇಕು?” ಎಂದ ದಶರಥ.

ಲುಂಬಿನಿ ಒಳಗೆ ಹೋದಳು. ಯಂಕಮ್ಮ ಇವತ್ತು ಬೈಯಲಿಲ್ಲ. ಅವಳು ಬೈಯುವುದನ್ನು ನಿಲ್ಲಿಸಿಬಿಟ್ಟಿದ್ದಾಳೆ.

ಕಟ್ಟು ನನ್ನ ಎದುರಿಗೇ ಇದೆ. ನಾನು ಮುಟ್ಟಿಲ್ಲ. ಮುಟ್ಟುವ ಹಕ್ಕು ನನಗಿಲ್ಲ.

ಏಪ್ರಿಲ್ 15, ಮಂಗಳವಾರ

ಬೆಳಿಗ್ಗೆ ತಾಡಪತ್ರಿ ತೆಗೆದೆ. ರಹೀಮಾ ಎಲ್ಲಿಗೆ ಎಂದು ಕೇಳಿದಳು. ಅವಳಿಗೆ ಮೊದಲು ಹೇಳಿದೆ, ಅಂಗಳದಲ್ಲಿ ನಿಂತುಕೊಂಡೇ, ಎಲ್ಲವನ್ನೂ. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಘೋಡಿ ಹೆಗಲಿಗೆ ಏರಿಸುವಾಗ ಬಂದು ಹಿಂದಿನ ತುದಿ ಎತ್ತಿಕೊಟ್ಟಳು.

ರೈಲ್ವೆ ಗೇಟು ಮುಚ್ಚಿತ್ತು. ಸಿಮೆಂಟಿನ ಗಾಡಿ ಹೋಗುವವರೆಗೆ ಘೋಡಿ ಹೊತ್ತು ನಿಂತೆ. ಪರಿಚಯದವರು ಎಲ್ಲಿ ಕೆಲಸ ಎಂದು ಕೇಳಿದರು. ಇಲ್ಲೇ ಎಂದೆ.

ಅವನ ಮಂಚದ ಮುಂದೆ ಘೋಡಿಯನ್ನು ಅಗಲಿಸಿ ನಿಲ್ಲಿಸಿದೆ. ಬಿದ್ದ ಮೇಲೆ ಅವನು ಅದನ್ನು ನೋಡುತ್ತಿರುವುದು ಇದೇ ಮೊದಲು. ಮುಖ ಬಿಳಿಚಿಕೊಂಡಿತು.

“ಇದನ್ಯಾಕ ತಂದಿ?”

“ಗಂಟು ನೋಡು ದಶರಥಾ. ಯಾರದು?”

ಅವನು ಮುಂದಕ್ಕೆ ಬಾಗಿದ. ಬೆರಳಿನಿಂದ ಸುತ್ತು ಎಣಿಸಿದ, ಒಂದು, ಎರಡು, ಮೂರು. ಹೊರಗೆ ಬಿಟ್ಟ ತುದಿ ಹಿಡಿದುಕೊಂಡ. ನನ್ನ ಮುಖ ನೋಡಿದ. ನಾನು ಹೇಳಿದೆ. ಗಾಳಿ, ಕಮಾನು, ಚಹಾ, ‘ಮ’ ಅಕ್ಷರ, ಆ ಐದು ನಿಮಿಷ. ಏನನ್ನೂ ಬಿಡಲಿಲ್ಲ. ನಡುವೆ ಒಂದು ಸಲ ‘ಹೇಳಬೇಕೆಂದಿದ್ದೆ’ ಎನ್ನಲು ಹೋದೆ. ಅವನು ಕೈ ಎತ್ತಿ ತಡೆದ.

“ಅಂದ್ರ ನನ್ನ ಕಾಲು ತಪ್ಪಿಲ್ಲ?”

“ಇಲ್ಲ.”

“ನಾ ಜೋಲಿ ಹೋಗಿಲ್ಲ?”

“ಇಲ್ಲಪ್ಪಾ. ಹಗ್ಗ ಇಲ್ಲದ ಘೋಡಿ ಮ್ಯಾಲ ಯಾರೇ ಇದ್ರೂ ಬೀಳ್ತಿದ್ರು. ನಾನೂ.”

ಅವನು ಅಳುತ್ತಾನೆ, ಇಲ್ಲವೇ ಹೊಡೆಯುತ್ತಾನೆ ಎಂದುಕೊಂಡಿದ್ದೆ. ಅವನು ನನ್ನ ಗಂಟನ್ನು ಬಿಚ್ಚತೊಡಗಿದ. ಬಿಗಿಯಾಗಿತ್ತು, ಭಾಳ ಹೊತ್ತು ಹಿಡಿಯಿತು. ಯಂಕಮ್ಮ ಒಳಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಮೂರು ತಿಂಗಳು ಅವನನ್ನು ಬೈದ ಬಾಯಿಗೆ ಸೆರಗು ಒತ್ತಿ ಹಿಡಿದಿದ್ದಳು.

“ಏಳ್ರಿ. ನಡೀರಿ ಇಲ್ಲಿಂದ,” ಎಂದಳು. ಅಣ್ಣಾ ಎನ್ನಲಿಲ್ಲ.

ಘೋಡಿ ಎತ್ತಲು ಹೋದೆ. ದಶರಥ ತಲೆ ಎತ್ತದೆ ಹೇಳಿದ: “ಅದು ಇಲ್ಲೇ ಇರಲಿ.”

ಬ್ರಷ್‌ಗಳ ಕಟ್ಟನ್ನು ಅವನ ಮಂಚದ ಮೇಲೆ ಇಟ್ಟು ಬಂದೆ.

ಏಪ್ರಿಲ್ 16, ಬುಧವಾರ

ವಾಡಿಗೆ ಹೋಗಿ ಬಾಬುಮಿಯಾಗೂ ಹೇಳಿದೆ. ಅವರು ಅರ್ಧ ಕುಡಿದ ಚಹಾ ಕೆಳಗಿಟ್ಟರು.

ಮೇ 11, ಭಾನುವಾರ

ಊರಿಗೆಲ್ಲ ಗೊತ್ತಾಗಿದೆ. ಪೇಂಟರುಗಳು ಕೂಡುವ ಚಹಾದಂಗಡಿಯಲ್ಲಿ ನಾನು ಹೋದರೆ ಮಾತು ನಿಲ್ಲುತ್ತದೆ. ನಾನು ಕಲಿಸಿದ ಸೊಹೇಲ್ ನನ್ನನ್ನು ನೋಡಿ ಎದ್ದು ಹೋದ. ಸಂತೆಯಲ್ಲಿ ಯಂಕಮ್ಮ ಎದುರಾದಳು, ಮೆಣಸಿನಕಾಯಿ ಆರಿಸುತ್ತ ಮುಖ ತಿರುಗಿಸಿದಳು. ಇದೆಲ್ಲ ನನಗೆ ಆಗಬೇಕಾದದ್ದೇ.

ಗೋದಾಮಿನಲ್ಲಿ ಐದನೆಯ ಸಾಲು ಖಾಲಿ ಇದೆ. ದೇವಾನಂದನಿಗೆ ಬೇರೆ ಕಡೆ ಕೆಲಸ ಹೆಚ್ಚಾಗಿದೆ, ಏಣಿ ಹಿಡಿಯಲು ಬಿಡುವಿಲ್ಲ. ಜೊತೆಗೆ ಒಬ್ಬರನ್ನು ಕರೆದುಕೊಂಡು ಬನ್ನಿ ಎಂದಿದ್ದಾನೆ. ಇಬ್ಬರನ್ನು ಕೇಳಿದೆ, ಬರಲಿಲ್ಲ. ಕದ್ದು ಹತ್ತಿ ಮುಗಿಸಿಬಿಡಬಹುದಿತ್ತು, ಅರ್ಧ ದಿನದ ಕೆಲಸ. ಯಾಕೋ ಮನಸ್ಸಾಗಲಿಲ್ಲ. ಮೊಣಕಾಲು ನೋವು ಬೇರೆ.

ರಹೀಮಾ ಒಂದು ಸುದ್ದಿ ತಂದಳು. ದಶರಥ ದಿನಾ ಬೆಳಿಗ್ಗೆ ವಾಕರ್ ಹಿಡಿದು ರೈಲ್ವೆ ಗೇಟಿನವರೆಗೆ ಬಂದು ಹೋಗುತ್ತಾನಂತೆ. ಅವಳು ಇದನ್ನು ಹೇಳಿ ನನ್ನ ಮುಖ ನೋಡಿದಳು. ನಾನು ಎದ್ದು ಹಿತ್ತಲಿಗೆ ಹೋದೆ. ಅಳು ಬಂದಿತ್ತು.

ಜೂನ್ 12, ಗುರುವಾರ

ನಿನ್ನೆ ದೇವಾನಂದ ಫೋನ್ ಮಾಡಿದ. “ನಾಳೆ ಬರ್ರಿ ಚಾಚಾ, ಹಿಡಿಯವ್ರು ಸಿಕ್ಕಾರ” ಎಂದ. ಯಾರು ಎಂದು ಕೇಳಲಿಲ್ಲ. ಯಾರೋ ಹಮಾಲ ಇರಬೇಕೆಂದುಕೊಂಡೆ.

ಹೋದರೆ ಗೋಡೆಯ ಕೆಳಗೆ ಸ್ಟೂಲಿನ ಮೇಲೆ ದಶರಥ ಕುಳಿತಿದ್ದ. ಪಕ್ಕದಲ್ಲಿ ಊರುಗೋಲು. ಗೋಡೆಯ ಮುಂದೆ ನಮ್ಮ ಘೋಡಿ ನಿಂತಿತ್ತು, ಆಟೋದ ಮೇಲೆ ಕಟ್ಟಿಸಿಕೊಂಡು ತಂದಿದ್ದನಂತೆ. ಅವನು ಯಾವಾಗಲೂ ಸುತ್ತುವ ಮುಂಡಾಸು ಇರಲಿಲ್ಲ, ಕೂದಲು ಅರ್ಧ ನೆರೆತಿತ್ತು. ನನಗೆ ಸಲಾಮ್ ಹೇಳಲಿಲ್ಲ. ನಾನೂ ನಿಂತೇ ಇದ್ದೆ.

“ದೇವಾನಂದ ನಮ್ಮವ್ವನ ತವರಿನ ಕಡ್ಯಾವ. ಒಂದ್ ಸಾಲು ಉಳ್ದದ, ಹಿಡಿಯವ್ರು ಯಾರೂ ಬರವಲ್ರು ಅಂದ,” ಎಂದ. ಆಮೇಲೆ ಪಟ್ಟಿಯನ್ನು ಇಸಿದುಕೊಂಡು ಐದನೆಯದನ್ನು ಓದಿದ. ಎರಡು ಸಲ ಓದಿದ.

“ಏರು ಮಶಾಕ್.”

ಹದಿನೆಂಟು ವರ್ಷದಲ್ಲಿ ಅವನು ನನ್ನ ಹೆಸರು ಹಿಡಿದು ಕರೆದದ್ದು ಇದೇ ಮೊದಲು. ಉಸ್ತಾದ್ ಎನ್ನುವ ಮಾತು ಹೋಯಿತು. ಹೋಗಬೇಕಾದದ್ದೇ.

ಘೋಡಿಯ ಹಗ್ಗ ನೋಡಿದೆ. ಹೊಸ ಹಗ್ಗ. ತುದಿಯನ್ನು ಒಳಗೆ ಸಿಕ್ಕಿಸಿ ಬಿಗಿದ ಗಂಟು. ಎಳೆದು ನೋಡಿದೆ. ನಾನು ಎಳೆಯುವುದನ್ನು ಅವನು ನೋಡುತ್ತಿದ್ದ.

ಮೂರು ಮೆಟ್ಟಿಲು ಹತ್ತಿದೆ. ಅಲ್ಲೇ ನಿಂತುಬಿಟ್ಟೆ. ಕೆಳಗಿರುವವನು ಕೈ ಬಿಟ್ಟರೆ ಏನಾಗುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಅವನು ಕೈ ಬಿಟ್ಟರೂ ನಾನು ಏನೂ ಅನ್ನುವಂತಿರಲಿಲ್ಲ. ಕೆಳಗೆ ನೋಡಿದೆ. ಅವನು ಎರಡೂ ಕೈಯಲ್ಲಿ ಘೋಡಿಯ ಕಾಲು ಹಿಡಿದಿದ್ದ. ಒಳ್ಳೆಯ ಕಾಲಿನ ಪಾದವನ್ನು ಅದಕ್ಕೆ ಒತ್ತಿ ಆನಿಸಿದ್ದ.

“ಏರು,” ಎಂದ ಮತ್ತೊಮ್ಮೆ. “ನಾ ಎಲ್ಲಿಗೂ ಹೋಗಂಗಿಲ್ಲ.”

ಬರೆದೆ. ಪಟ್ಟಿಯಲ್ಲಿದ್ದಂತೆ ಬರೆಯಲಿಲ್ಲ. ‘ಹಗ್ಗ ಎಳೆದು ನೋಡಿ, ಆಮೇಲೆ ಹತ್ತಿ. ಬಿಚ್ಚಿದವರು ಹೇಳಿ ಹೋಗಿ’ ಎಂದು ಬರೆದೆ. ಸಾಲು ಉದ್ದವಾಯಿತು. ಏಳು ಸಲ ಇಳಿದೆ. ಏಳು ಸಲವೂ ಅವನು ಊರುಗೋಲು ಹಿಡಿದು ಎದ್ದ, ಇಬ್ಬರೂ ಸೇರಿ ಘೋಡಿ ಸರಿಸಿದೆವು, ಅವನು ಹಗ್ಗ ಎಳೆದು ನೋಡಿ ಮತ್ತೆ ಕುಳಿತ.

ಕೊನೆಯ ಅಕ್ಷರ ಮುಗಿಸಿ ಕೆಳಗಿಳಿದಾಗ ಅವನು ಕಣ್ಣು ಕಿರಿದು ಮಾಡಿ ಗೋಡೆ ನೋಡುತ್ತಿದ್ದ.

“ಸಾಲು ಸೊಟ್ಟ ಅದ,” ಎಂದ.

ನೋಡಿದೆ. ಹೌದು, ಸೊಟ್ಟವಿತ್ತು. ನಾನು ತಿದ್ದಲು ಮತ್ತೆ ಹತ್ತಿದೆ, ಅವನು ಮತ್ತೆ ಹಿಡಿದ.